ಏಳು ಅಂದ್ರೆ ಏಳಲ್ಲ

ಮೇಘಶ್ರೀಯ ಮಾತನ್ನು ಹೇಮಾವತಿ ಮತ್ತೆ ತಿರಸ್ಕರಿಸಿದ್ದಳು.

"ನೋಡಿ ಇಲ್ಲಿ, ಎಲ್ರೂ ನೋಡಿ!" ಮೇಘಶ್ರೀ ಮೊಬೈಲನ್ನು ಒಬ್ಬೊಬ್ಬರ ಮೂಗಿನ ಮುಂದೆಯೂ ಹಿಡಿದಳು. "'ಉಚ್ಚಾರ ತಪ್ಪು. ಹಕಾರ ಕೇಳಿಸುತ್ತಿಲ್ಲ.' ಅಸ ಅಂದ್ರೆ ತಪ್ಪಂತೆ. ಆಲು ಅಂದ್ರೆ ತಪ್ಪಂತೆ. ಅಸ ಕರೆಯೋಳು ನಾನು, ಆಲು ಕುಡಿಯೋಳು ಅವ್ಳು, ತಪ್ಪು ಮಾತ್ರ ನಂದು!"

ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನ ಹಿಂದೆ ನಟರಾಜನ ಜೆರಾಕ್ಸ್ ಅಂಗಡಿ. ಅದರ ಮಹಡಿಯಲ್ಲಿ ಕೆಲವು ಭಾನುವಾರಗಳಂದು ಕಂಪ್ಯೂಟರ್ ಹುಚ್ಚಿನವರು ಸೇರುತ್ತಿದ್ದರು. ಮುರಿದ ಪ್ರಿಂಟರುಗಳ ಮೇಲೆ ಕೂತು, ಕಾಂಗ್ರೆಸ್ ಕಡಲೆಬೀಜ ತಿನ್ನುತ್ತ, ಲೋಕದ ಟೆಕ್ನಾಲಜಿ ಸುದ್ದಿಗಳನ್ನು ಗೇಲಿ ಮಾಡುವುದು ಅವರ ಮೊದಲ ಕೆಲಸ. ಇದಕ್ಕೆ ಅವರು ಇಟ್ಟ ಹೆಸರು 'ಸುದ್ದಿಗೆ ಒಗ್ಗರಣೆ'. ಎರಡನೆಯ ಕೆಲಸ ಸ್ವಲ್ಪ ಗಂಭೀರವಾದದ್ದು. ಕನ್ನಡದ ಮಾತು ಕೇಳಿ ತಾನೇ ಟೈಪ್ ಮಾಡುವ ಕಂಪ್ಯೂಟರನ್ನು ತಾವೇ ತಯಾರು ಮಾಡಬೇಕು ಎಂದು ಅವರು ಹೊರಟಿದ್ದರು.

ಅದಕ್ಕಾಗಿ ಕೂಟದವರೇ ಒಂದು ವೆಬ್ ಪುಟ ಮಾಡಿಕೊಂಡಿದ್ದರು. ಅಲ್ಲಿ ಕಾಣುವ ವಾಕ್ಯವನ್ನು ಓದಿ ರೆಕಾರ್ಡ್ ಮಾಡಬೇಕು. ಬೇರೆ ಯಾರಾದರೂ ಕೇಳಿ ಹಸಿರು ಬಟನ್ ಒತ್ತಿದರೆ ಒಪ್ಪಿಗೆ, ಕೆಂಪು ಒತ್ತಿದರೆ ಕಸದ ಬುಟ್ಟಿ. ಮುಲಾಜು ಬೇಡವೆಂದು ಎಲ್ಲರಿಗೂ ಅಡ್ಡಹೆಸರು. ಹಾಸನದಿಂದ, ಅರಕಲಗೂಡಿನಿಂದ ಮುಖ ಕಾಣದ ಎಷ್ಟೋ ಜನ ಬಂದು ಸೇರಿದ್ದರು. ಮೇಘಶ್ರೀ ಅಲ್ಲಿ 'ರಾಗಿರೊಟ್ಟಿ'. ಗುಟ್ಟು ಕಾಯುವ ಅಭ್ಯಾಸ ಅವಳಿಗಿಲ್ಲದ್ದರಿಂದ ಅದು ಮೊದಲ ದಿನವೇ ಎಲ್ಲರಿಗೂ ಗೊತ್ತಾಗಿತ್ತು. ಆದರೆ 'ಹೇಮಾವತಿ' ಯಾರೆಂದು ಯಾರಿಗೂ ಗೊತ್ತಿರಲಿಲ್ಲ.

"ಯಾರೋ ರಿಟೈರ್ಡ್ ಕನ್ನಡ ಮೇಷ್ಟ್ರು ಇರ್ಬೇಕು," ಅಂದ ನಟರಾಜ.

"ಮೇಷ್ಟ್ರಲ್ಲ ಕಣಣ್ಣ, ಯಾವಳೋ ಸೊಟ್ಟ ಮೂತಿಯೋಳು. ಕೈಗೆ ಸಿಕ್ಲಿ, ಬಾಯಿಗೆ ಹಕಾರ ತುಂಬಿ ಒಲಿಗೆ ಆಕ್ಬುಡ್ತೀನಿ."

ಕಿಟಕಿಯ ಪಕ್ಕ ಕೂತಿದ್ದ ನಂಜುಂಡೇಶನಿಗೆ ಕಡಲೆಬೀಜ ಗಂಟಲಿಗೆ ಸಿಕ್ಕಿ ಕೆಮ್ಮು ಬಂತು. ಅವನ ಕಿವಿ ಕೆಂಪಾಗಿದ್ದನ್ನು ಮೇಘಶ್ರೀ ಗಮನಿಸಿದಳು. ಕೆಮ್ಮಿಗೆ ಕಿವಿಯೂ ಕೆಂಪಾಗುತ್ತದೇನೋ ಅಂದುಕೊಂಡಳು. ಆಮೇಲೆ, ಆ ಕಿವಿಗಳು ಚೆನ್ನಾಗಿವೆ ಅಂದುಕೊಂಡಳು.

"ಸಾಕು ಜಗಳ," ಅಂದರು ನೀಲಾಂಬಿಕೆ ಮಿಸ್. ಅರಕಲಗೂಡಿನಲ್ಲಿ ಫಿಸಿಕ್ಸ್ ಪಾಠ ಮಾಡಿ ನಿವೃತ್ತರಾದವರು, ಕೂಟಕ್ಕೆಂದೇ ಬಸ್ ಹತ್ತಿ ಬರುವವರು. "ಇವತ್ತಿನ ಸುದ್ದಿ ಕೇಳಿ. ಕ್ವಾಂಟಮ್ ಕಂಪ್ಯೂಟರ್‌ನಲ್ಲಿ ಒಂದು ಮತ್ತು ಸೊನ್ನೆ ಎರಡೂ ಒಟ್ಟಿಗೇ ಇರುತ್ತಂತೆ. ನೋಡೋವರೆಗೂ ಯಾವುದು ಅಂತ ಹೇಳೋಕಾಗಲ್ಲ."

"ನಮ್ಮೂರ್ ಕರೆಂಟು ಅಂಗೇ ಅಲ್ವಾ ಮಿಸ್? ಸ್ವಿಚ್ ಆಕೋಗಂಟ ಐತೋ ಇಲ್ವೋ ಬ್ರಹ್ಮಂಗೂ ಗೊತ್ತಿಲ್ಲ. ದಂಡಿಗನಹಳ್ಳಿ ಯಾವತ್ತೋ ಕ್ವಾಂಟಮ್ ಆಗೋಯ್ತು."

ನಗು. ನಟರಾಜ ಮುಂದಿನದನ್ನು ಓದಿದ: "ಮಾಡೋ ಕೆಲಸವನ್ನೆಲ್ಲ ಇನ್ನು ಎಐ ಮಾಡುತ್ತೆ, ಮನುಷ್ಯರು ಬೇಕಾಗಲ್ಲ."

"ಬರ್ಲಿ ಅದು, ಬೆಳಗೊಳಕ್ಕೆ." ಮೇಘಶ್ರೀಯ ಉದ್ಯೋಗ ಶ್ರವಣಬೆಳಗೊಳದ ಲಾಡ್ಜುಗಳಿಗೆ ವೈಫೈ, ಸಿಸಿ ಕ್ಯಾಮೆರಾ ಹಾಕುವುದು. "ಮೂರನೇ ಮಹಡಿ ಮೇಲೆ ಕೋತಿ ಕೇಬಲ್ ಕಿತ್ಕೊಂಡು ಕೂತಿರ್ತದೆ. ಆ ಎಐ ಏಣಿ ಅತ್ತಿ, ಕೋತಿಗೆ ಬಾಳೆಣ್ಣು ಕೊಟ್ಟು, ಕೇಬಲ್ ಈಸ್ಕಂಡು ಬರ್ಲಿ. ಅವತ್ತು ನಾನೇ ರಾಜೀನಾಮೆ ಕೊಡ್ತೀನಿ."

"ಚಂದ್ರನ ಮೇಲೆ ನೀರಿನ ಗುರುತು."

"ಪಾಯಿಂಟ್ ನೋಡೋಕೆ ನಮ್ ಚಿಕ್ಕಯ್ಯನ್ನ ಕಳ್ಸಿ. ಅಂಗೈ ಮೇಲೆ ತೆಂಗಿನಕಾಯಿ ಇಟ್ಕಂಡು ಓಡಾಡ್ತಾನೆ. ಕಾಯಿ ಎದ್ ನಿಂತ ಕಡೆ ಬೋರ್ ಕೊರಿಯೋದು."

"ಅಲ್ಲಿ ಗುರುತ್ವ ಕಡಿಮೆ," ನಂಜುಂಡೇಶ್ ಮೆಲ್ಲಗೆ ಹೇಳಿದ. "ಕಾಯಿ ಹೋದ ಕಡೆಯೆಲ್ಲ ಎದ್ದು ನಿಲ್ಲುತ್ತದೆ. ಚಂದ್ರನ ತುಂಬ ಬೋರ್‌ವೆಲ್ ಆಗಿಬಿಡುತ್ತದೆ."

ಇಡೀ ಮಹಡಿ ನಕ್ಕಿತು. ಅವನು ಮಾತ್ರ ಬಾಯಿಗೆ ಅಂಗೈ ಅಡ್ಡ ಹಿಡಿದು, ಬೆರಳಿನ ಸಂದಿಯಿಂದ ಮೇಘಶ್ರೀಯನ್ನು ನೋಡಿ ನಕ್ಕ. ಕದ್ದು ನಕ್ಕಂತಿತ್ತು ಆ ನಗು. ಅವಳ ಎದೆಯೊಳಗೆ ಒಂದು ಕಾಯಿ ತಾನಾಗಿಯೇ ಎದ್ದು ನಿಂತಿತು.

*

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಅವರಿಬ್ಬರೇ ಉಳಿದರು. ಅವಳು ದಂಡಿಗನಹಳ್ಳಿಗೆ, ಅವನು ಹೊಳೆನರಸೀಪುರಕ್ಕೆ. ಅವನ ಮನೆಯವರದು ಅಲ್ಲಿ ಅಕ್ಕಿ ಗಿರಣಿ. ಗಿರಣಿಯ ಮಹಡಿಯಲ್ಲಿ ಅವನು ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದ. ಗೇಮ್ ಆಡಲು ತಂದ ದೊಡ್ಡ ಗ್ರಾಫಿಕ್ಸ್ ಕಾರ್ಡನ್ನು ಗಿರಣಿಯ ಲೆಕ್ಕಕ್ಕೆ ಬೇಕೆಂದು ಅಪ್ಪನಿಗೆ ನಂಬಿಸಿದ್ದ.

"ನೀವು ರೇಡಿಯೋದಲ್ಲಿ ವಾರ್ತೆ ಓದೋರ ಥರ ಮಾತಾಡ್ತೀರಲ್ಲ, ಯಾಕೆ?" ಮೇಘಶ್ರೀ ಕೇಳಿದಳು. "'ಆಗಿಬಿಡುತ್ತದೆ.' ನರಸೀಪುರದಲ್ಲಿ ಯಾರಪ್ಪಾ ಇಂಗೆ ಮಾತಾಡೋರು?"

"ಅಭ್ಯಾಸ."

"ನಿದ್ದೇಲೂ ಇಂಗೇನಾ?"

"ನಿದ್ದೆಯಲ್ಲಿ ಕೇಳಿಸಿಕೊಂಡವರು ಯಾರೂ ಇಲ್ಲ." ಹೇಳಿದ ಮೇಲೆ ಅದರ ಅರ್ಥ ಅವನಿಗೇ ಹೊಳೆದು ಗಾಬರಿಯಾಯಿತು. ಎದುರಿನ ಬಸ್ಸಿನತ್ತ ಕೈ ತೋರಿಸಿ, "ಅದು ಹರಸೀಕೆರೆ ಬಸ್ಸು," ಅಂದ.

ಅರಸೀಕೆರೆಗೆ ಹಕಾರ ಬಂದದ್ದು ಎಲ್ಲಿಂದ? ಬಸ್ಸಿನ ಹಾರ್ನಿಗೆ ತನ್ನ ಕಿವಿ ತಪ್ಪಿರಬೇಕು ಎಂದುಕೊಂಡಳು ಮೇಘಶ್ರೀ.

ಅವನು ಬೆಂಚಿನ ತುದಿಯಲ್ಲಿ ಕೂತು ಬ್ಯಾಗಿನ ಜಿಪ್ ಎಳೆಯುತ್ತ ಮುಚ್ಚುತ್ತ ಇದ್ದ. ಕೊನೆಗೆ, "ಮೇಘಶ್ರೀ ಅವರೇ, ನಿಮಗೊಂದು ವಿಷಯ ಹೇಳಬೇಕು," ಅಂದ.

"ಏಳಿ."

ಅವನು ತಟಕ್ಕನೆ ಎದ್ದು ನಿಂತ.

ಅವಳು ನಕ್ಕಳು, ಹೊಟ್ಟೆ ಹಿಡಿದುಕೊಂಡು ನಕ್ಕಳು. "ಎದ್ದೇಳಿ ಅಂತಲ್ಲ ಮಾರಾಯ್ರೇ! ಏಳಿ, ಬಾಯಲ್ಲಿ ಏಳಿ!" ಅವಳ ಮೊಬೈಲೂ ಇದನ್ನೇ ಮಾಡುತ್ತಿತ್ತು. ಅವಳು 'ಏಳು' ಅಂದಾಗಲೆಲ್ಲ ಅದು '7' ಎಂದು ಟೈಪ್ ಮಾಡುತ್ತಿತ್ತು. ಕೂಟದ ಗ್ರೂಪಿನಲ್ಲಿ ಅದೇ ರೂಢಿಯಾಗಿ, 'ಏನು ಸಮಾಚಾರ, ಹೇಳು' ಎನ್ನುವ ಬದಲು ಎಲ್ಲರೂ '7' ಎಂದು ಕಳಿಸುತ್ತಿದ್ದರು.

ಅಷ್ಟರಲ್ಲಿ ದಂಡಿಗನಹಳ್ಳಿ ಬಸ್ಸು ಬಂತು. ಅವಳು ಫುಟ್‌ಬೋರ್ಡಿನಿಂದ ತಿರುಗಿ ನೋಡಿದಾಗ ಅವನು ಇನ್ನೂ ನಿಂತೇ ಇದ್ದ, ಹೇಳಬೇಕಾದ್ದನ್ನು ಬಾಯಲ್ಲಿಟ್ಟುಕೊಂಡು.

*

ಹಾಸನದ ಕಾಲೇಜೊಂದರ ವಿಜ್ಞಾನ ಮೇಳಕ್ಕೆ ಕೂಟಕ್ಕೆ ಕರೆ ಬಂತು. ವೇದಿಕೆಯ ಮೇಲೆ ಮೇಘಶ್ರೀ ಸುದ್ದಿಗೆ ಒಗ್ಗರಣೆ ಹಾಕಬೇಕು. ಅವಳ ಮಾತು ಆಡಿದಂತೆಯೇ ಹಿಂದಿನ ಪರದೆಯ ಮೇಲೆ ಅಕ್ಷರವಾಗಿ ಮೂಡಬೇಕು. ಕಂಪ್ಯೂಟರಿಗೆ ಕಲಿಸುವ ಹೊಣೆ ನಂಜುಂಡೇಶನದು. ಅದಕ್ಕೆ ಬೇಕಾದಷ್ಟು ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇದ್ದವನು ಅವನೊಬ್ಬನೇ.

ಕಸದ ಬುಟ್ಟಿಗೆ ಬಿದ್ದ ಮಾತುಗಳಿಂದ ಕಂಪ್ಯೂಟರು ಕಲಿಯುವುದಿಲ್ಲ. ಹೀಗೇ ಮುಂದುವರಿದರೆ ಸಭೆಯ ಮುಂದೆ ಅವಳ ಮಾತು ಅದಕ್ಕೆ ಅರ್ಥವಾಗದೆ, ನಗೆಪಾಟಲಾಗುವವಳು ಅವಳೇ. ಮೇಘಶ್ರೀ ಹಟಕ್ಕೆ ಬಿದ್ದು ಇನ್ನಷ್ಟು ರೆಕಾರ್ಡ್ ಮಾಡಿದಳು. ಹೇಮಾವತಿ ಹಟಕ್ಕೆ ಬಿದ್ದು ಕೆಂಪು ಒತ್ತಿದಳು.

"ಒಂದು ಹಕಾರ ತಾನೆ, ಸೇರಿಸ್ಬಿಡು," ಅಂದ ನಟರಾಜ ಫೋನಿನಲ್ಲಿ.

"ಯಾಕಣ್ಣ ಸೇರಿಸ್ಲಿ? ನಮ್ಮವ್ವ ಪುಷ್ಪಾವತಿ ನನ್ನ ಕರೆಯೋದು 'ಬಾರೆ ಇಲ್ಲಿ, ಓಗ್ಬೇಡ ಅಲ್ಲಿ' ಅಂತ. ನಾನು ಬಂದಿದೀನಿ, ಓಗಿಲ್ಲ. ಅರ್ಥ ಆಗದೆ ಓಗಿದ್ರೆ ಇಷ್ಟೊತ್ತಿಗೆ ಬಾವಿಗೆ ಬಿದ್ದಿರ್ತಿದ್ದೆ. ಕಲೀಬೇಕಾದ್ದು ನಾನಲ್ಲ, ಅದು!"

ಆ ಮಧ್ಯಾಹ್ನ, ಮನೆಯ ಹಿಂದೆ ಒಣಹಾಕಿದ ಕೊಬ್ಬರಿಗೆ ಕಾಗೆ ಕಾಯುತ್ತ ಕೂತಿದ್ದಾಗ, ಅವಳಿಗೊಂದು ಯೋಚನೆ ಬಂತು. ಹಕಾರದ ಮಹಾರಾಣಿ ತಾನು ಹೇಗೆ ಮಾತಾಡುತ್ತಾಳೆ, ಕೇಳೋಣ. ಹೇಮಾವತಿಯ ರೆಕಾರ್ಡಿಂಗುಗಳನ್ನು ಹುಡುಕಿ ಇಯರ್‌ಫೋನ್ ಕಿವಿಗೆ ತುರುಕಿದಳು.

ಗಂಡಸಿನ ದನಿ. ಎದುರು ಇದ್ದ ವಾಕ್ಯ: 'ಆಕಾಶದಲ್ಲಿ ಏಳು ನಕ್ಷತ್ರಗಳಿವೆ.' ಆ ದನಿ ಬಹಳ ಎಚ್ಚರದಿಂದ, ಮೊಟ್ಟೆಯ ಮೇಲೆ ನಡೆದಂತೆ ಓದಿತು:

"ಹಾಕಾಶದಲ್ಲಿ ಹೇಳು ನಕ್ಷತ್ರಗಳಿವೆ."

ಮೇಘಶ್ರೀ ಇನ್ನೊಂದನ್ನು ಒತ್ತಿದಳು. "ಹಾನೆ ಕಬ್ಬು ತಿನ್ನುತ್ತದೆ." ಮತ್ತೊಂದು. "ಹಮ್ಮ ಹಡಿಗೆ ಮಾಡುತ್ತಾಳೆ."

ಅವಳು ಕೊಬ್ಬರಿಯ ಮೇಲೆಯೇ ಉರುಳಿ ನಕ್ಕಳು. ಕಾಗೆಗಳು ಹೆದರಿ ಹಾರಿದವು. ಹಕಾರ ಬಿಟ್ಟುಹೋಗುವ ಭಯಕ್ಕೆ ಈ ಪುಣ್ಯಾತ್ಮ ಅದು ಇಲ್ಲದ ಕಡೆಯೆಲ್ಲ ಅಂಟಿಸುತ್ತಿದ್ದ. ಇವನು ಯಾವನೋ ನಮ್ಮ ಕಡೆಯವನೇ! ಹುಟ್ಟಾ ಹಕಾರ ಇರುವ ಊರಿನವನಿಗೆ ಈ ತಪ್ಪು ಮಾಡಲು ಬರುವುದೇ ಇಲ್ಲ.

ಆಮೇಲೆ ನಗು ನಿಂತಿತು. 'ಅದು ಹರಸೀಕೆರೆ ಬಸ್ಸು.'

ಅವಳು ಮತ್ತೊಮ್ಮೆ ಹಾನೆಯನ್ನು ಕೇಳಿದಳು. ಕಣ್ಣು ಮುಚ್ಚಿ ಕೇಳಿದಳು. ಕಿಟಕಿಯ ಪಕ್ಕ, ಬಾಯಿಗೆ ಅಂಗೈ ಅಡ್ಡ ಹಿಡಿದು ನಗುವವನ ದನಿ ಅದು.

*

ಮರುದಿನ ಅವಳು ಹೊಳೆನರಸೀಪುರದ ಬಸ್ ಹತ್ತಿದಳು. ಗಿರಣಿಯ ತುಂಬ ತೌಡಿನ ಧೂಳು, ಬೆಂದ ಭತ್ತದ ವಾಸನೆ. ಮಹಡಿಯಲ್ಲಿ ಕ್ಲಾಸ್ ಮುಗಿದು ನಂಜುಂಡೇಶ್ ಒಬ್ಬನೇ ಇದ್ದ. ಅವನ ಕಿಟಕಿಯಿಂದ ಹೊಳೆ ಕಾಣುತ್ತಿತ್ತು. ಹೇಮಾವತಿ. ಹೆಸರು ಎಲ್ಲಿಂದ ಬಂತೆಂದು ಕೇಳುವ ಅಗತ್ಯವೇ ಇರಲಿಲ್ಲ.

"ಹಾನೆ ಬಂತು ಹಾನೆ," ಅಂದಳು ಬಾಗಿಲಲ್ಲೇ ನಿಂತು.

ಅವನ ಮುಖದ ಬಣ್ಣ ಇಳಿಯಿತು. ಸುಳ್ಳು ಹೇಳಲು ಪ್ರಯತ್ನಿಸಲಿಲ್ಲ. ಅದೊಂದು ಗುಣ ಅವನಲ್ಲಿತ್ತು.

"ಅವತ್ತು ಬಸ್ ಸ್ಟ್ಯಾಂಡಿನಲ್ಲಿ ಅದನ್ನೇ ಹೇಳೋಕೆ..."

"ನನ್ ಒಗ್ಗರಣೆಗೆ ನಗೋದೂ ನೀನೇ, ಮನೆಗೋಗಿ ಕೆಂಪು ಒತ್ತೋದೂ ನೀನೇನಾ?" 'ನೀವು' ಎಲ್ಲಿ ಉದುರಿಹೋಯಿತೋ ಅವಳಿಗೇ ತಿಳಿಯಲಿಲ್ಲ. "ಯಾಕೆ?"

ಅವನು ಕುರ್ಚಿಯ ಬೆನ್ನು ಹಿಡಿದುಕೊಂಡ. "ಹೈಸ್ಕೂಲಿಗೆ ಮೈಸೂರಿನಲ್ಲಿ ಹಾಸ್ಟೆಲಿಗೆ ಹಾಕಿದರು. ಮೊದಲ ದಿನ ಎದ್ದು ನಿಂತು 'ನನ್ನ ಎಸರು ನಂಜುಂಡೇಶ್' ಅಂದೆ. ಎಸರು. ಅನ್ನಕ್ಕೆ ಇಡೋ ಎಸರು. ಆಮೇಲೆ ಹಾಸ್ಟೆಲ್ ಬಿಡುವವರೆಗೂ ನನ್ನ ಹೆಸರು ಎಸರು. ಊಟಕ್ಕೆ ಕೂತರೆ 'ಎಸರು ಕುದೀತಾ' ಅನ್ನೋರು. ಕನ್ನಡಿ ಮುಂದೆ ನಿಂತು ಹ, ಹಾ, ಹಿ, ಹೀ ಅಂತ ಅಭ್ಯಾಸ ಮಾಡಿದೆ. ಎಲ್ಲಿ ಬೇಕು ಎಲ್ಲಿ ಬೇಡ ಅಂತ ಮಾತ್ರ ಇವತ್ತಿಗೂ ಖಾತ್ರಿ ಇಲ್ಲ." ಅವನು ತಲೆ ಎತ್ತಿದ. "ಹಾಸನದಲ್ಲಿ ಅಷ್ಟು ಜನರ ಮುಂದೆ ನೀನು ಮಾತಾಡಬೇಕು. ನನಗೆ ಆದದ್ದು ನಿನಗೆ ಆಗಬಾರದು ಅಂತ. ಕೆಂಪು ಒತ್ತಿದರೆ ತಿದ್ದಿಕೊಳ್ಳುತ್ತೀಯ ಅಂದುಕೊಂಡೆ."

ಅವಳಿಗೆ ಆ ಹುಡುಗನ ಮೇಲೆ, ಕನ್ನಡಿಯ ಮುಂದೆ ಹಾ ಹೀ ಅನ್ನುತ್ತ ನಿಂತವನ ಮೇಲೆ, ಕರುಳು ಹಿಂಡುವಷ್ಟು ಪ್ರೀತಿ ಬಂತು. ಎದುರು ನಿಂತ ಗಂಡಸಿನ ಮೇಲೆ ಅಷ್ಟೇ ಸಿಟ್ಟು ಬಂತು. ಅವಳು ಸಿಟ್ಟನ್ನೇ ಆರಿಸಿಕೊಂಡಳು.

"ನಂಗೆ ಇದುವರ್ಗೂ ಯಾರೂ ಎಸರು ಅಂದಿರ್ಲಿಲ್ಲ ಕಣೋ. ಮೊದಲ್ನೇ ಸಲ ಅಂದಿದ್ದು ನೀನು."

ಅವನ ಕಣ್ಣು ಕಿಟಕಿಯಾಚೆ ಹೊಳೆಯ ಕಡೆಗೆ ಹೋಯಿತು.

"ನಾನು ಆಸ್ನಕ್ಕೆ ಬತ್ತೀನಿ. ನನ್ ಬಾಯಲ್ಲೇ ಮಾತಾಡ್ತೀನಿ. ನಿನ್ ಮೆಶೀನು ಏನ್ ಬೇಕಾದ್ರೂ ಗೀಚ್ಕೊಳ್ಳಿ, ಜನ ಎಷ್ಟ್ ಬೇಕಾದ್ರೂ ನಗ್ಲಿ. ಆದ್ರೆ ನಂಗೊಂದು ಗೊತ್ತಾಗ್ಬೇಕು. ಆ ಕಿಟಕಿ ಪಕ್ಕ ಕೂತು ನನ್ನ ನೋಡಿ ನಗ್ತಿದ್ದೋನು ಯಾರು? ನಂಜುಂಡೇಶಾನಾ, ಏಮಾವತೀನಾ? ಏಳು."

ಈ ಸಲ ಅವನು ಈಗಾಗಲೇ ನಿಂತಿದ್ದ. ಹೇಳಲು ಮಾತ್ರ ಆಗಲಿಲ್ಲ.

ಅವಳು ಮೆಟ್ಟಿಲಿಳಿದಳು. ತೌಡಿನ ಧೂಳು ಕಣ್ಣಿಗೆ ಬಿತ್ತು. ಧೂಳು ಬಿದ್ದದ್ದಕ್ಕೇ ಕಣ್ಣಲ್ಲಿ ನೀರು ಬಂದದ್ದು ಎಂದು ಬಸ್ಸಿನುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು.

ಎರಡು ದಿನ ತಡೆದು, ಸೋತವಳಂತೆ ಕಾಣಬಾರದೆಂದು ಗಂಟು ಮುಖ ಹಾಕಿಕೊಂಡೇ, ಅವನಿಗೊಂದು ಮೆಸೇಜ್ ಕಳಿಸಿದಳು: '7'.

'ಟೈಪಿಂಗ್' ಎಂದು ಬಂತು. ನಿಂತಿತು. ಮತ್ತೆ ಬಂತು. ನಿಂತಿತು. ಅವಳು ಲಾಡ್ಜಿನ ತಾರಸಿಯಲ್ಲಿ ಏಣಿಯ ಮೇಲೆ ನಿಂತು, ಒಂದು ಕೈಯಲ್ಲಿ ಕ್ಯಾಮೆರಾ, ಇನ್ನೊಂದರಲ್ಲಿ ಮೊಬೈಲು ಹಿಡಿದು ಅದನ್ನೇ ನೋಡಿದಳು. ಕೋತಿಯೊಂದು ಗೋಡೆಯ ಮೇಲೆ ಕೂತು ಅವಳನ್ನೇ ನೋಡಿತು.

ಉತ್ತರ ಬರಲಿಲ್ಲ. ಕೋತಿ ಕೇಬಲ್ ಕಿತ್ತುಕೊಂಡು ಹೋಯಿತು.

*

ಹಾಸನದ ಆ ಸಭಾಂಗಣ ತುಂಬಿತ್ತು. ಮೇಳದ ವ್ಯವಸ್ಥೆ ನೋಡುತ್ತಿದ್ದ ಮನೋಹರ ಎಂಬ ಮೇಷ್ಟ್ರು ಬೆವರು ಒರೆಸಿಕೊಳ್ಳುತ್ತ ಬಂದರು.

"ಮೇಡಂ, ಒಂದು ರಿಕ್ವೆಸ್ಟು. ಸ್ವಲ್ಪ ಶುದ್ಧವಾಗಿ ಮಾತಾಡಿ. ಕಂಪ್ಯೂಟರ್‌ಗೆ ಕಷ್ಟ ಆಗಬಾರದು."

"ಸಾ, ನಿಮ್ಮೂರ್ಯಾವುದು?"

"ಅರಕಲಗೂಡು ಹತ್ರ."

"ಮನೇಗೆ ಫೋನ್ ಮಾಡಿ 'ಹೇಗಿದ್ದೀರಿ ಅಮ್ಮ' ಅಂತೀರೋ, 'ಎಂಗಿದೀಯವ್ವಾ' ಅಂತೀರೋ?"

ಮನೋಹರ ಕೆಮ್ಮಿದರು. "ಅದು ಬೇರೆ."

"ಅದು ಬೇರೆ ಅಲ್ಲ ಸಾ, ಅದೇ ಇದು." ಅವಳು ಮೈಕ್ ಕೈಗೆತ್ತಿಕೊಂಡು ವೇದಿಕೆ ಹತ್ತಿದಳು.

ವೇದಿಕೆಯ ಮೂಲೆಯಲ್ಲಿ ಲ್ಯಾಪ್‌ಟಾಪಿನ ಹಿಂದೆ ನಂಜುಂಡೇಶ್. ಕಣ್ಣು ಕೆಂಪಗಿದ್ದವು, ನಿದ್ದೆಗೆಟ್ಟವನ ಹಾಗೆ. ಅವಳು ಅವನತ್ತ ನೋಡಲಿಲ್ಲ. ನೋಡಲಿಲ್ಲ ಎನ್ನುವುದು ಅವನಿಗೆ ಗೊತ್ತಾಗುವ ಹಾಗೆ ನೋಡಲಿಲ್ಲ.

"ಎಲ್ರಿಗೂ ನಮಸ್ಕಾರ," ಅಂದಳು. "ನನ್ನೆಸ್ರು ಮೇಘಶ್ರೀ. ಎಂಗಿದೀರಾ?"

ಹಿಂದೆ ತಿರುಗಿ ನೋಡಲು ಧೈರ್ಯ ಬೇಕಾಯಿತು. ಪರದೆಯ ಮೇಲೆ ಇತ್ತು: 'ನನ್ನ ಹೆಸರು ಮೇಘಶ್ರೀ. ಹೆಂಗಿದ್ದೀರಾ?'

ಎಸರು ಅಲ್ಲ, ಹೆಸರು. ಅವಳ ಬಾಯಿಯ ಮಾತು ಅದಕ್ಕೆ ಅರ್ಥವಾಗಿತ್ತು. ಕಸದ ಬುಟ್ಟಿಗೆ ಹಾಕಿದ ಅವಳ ಮಾತುಗಳನ್ನೆಲ್ಲ ಯಾರೋ ಹೆಕ್ಕಿ, ಧೂಳು ಕೊಡವಿ, ಒಂದೊಂದನ್ನೂ ಅದಕ್ಕೆ ಕೇಳಿಸಿದ್ದರು. ಆ 'ಯಾರೋ' ಈಗ ಲ್ಯಾಪ್‌ಟಾಪಿನ ಹಿಂದೆ ಇನ್ನಷ್ಟು ತಗ್ಗಿ ಕೂತಿದ್ದ.

ಅವಳಿಗೆ ರೆಕ್ಕೆ ಬಂತು. ಕ್ವಾಂಟಮ್ಮಿಗೆ ಒಗ್ಗರಣೆ ಹಾಕಿದಳು. ಚಂದ್ರನ ಮೇಲೆ ಚಿಕ್ಕಯ್ಯನನ್ನು ಇಳಿಸಿದಳು. ಅವಳು 'ಓಗು' ಅಂದರೆ ಪರದೆ 'ಹೋಗು' ಅಂದಿತು. 'ಆಲು' ಅಂದರೆ 'ಹಾಲು'. ಸಭೆ ಚಪ್ಪಾಳೆ ತಟ್ಟಿತು.

"ಈಗ ಇನ್ನೊಂದು ಸುದ್ದಿ. ಬಾಹ್ಯಾಕಾಶಕ್ಕೆ ಟೂರಿಸ್ಟ್ ಬಸ್ ಬಿಡ್ತಾರಂತೆ. ನಾನಂತೂ ಓಗಲ್ಲ. ನಮ್ಮೂರಿಗೆ ಏಳು ಗಂಟೆ ಬಸ್ ಮಿಸ್ ಆದ್ರೇ ನಮ್ಮವ್ವ ಆಕಾಶ ಭೂಮಿ ಒಂದ್ ಮಾಡ್ತಾಳೆ."

ಪರದೆಯ ಮೇಲೆ ಮೂಡಿತು: 'ನಮ್ಮೂರಿಗೆ ಹೇಳು ಗಂಟೆ ಬಸ್ ಮಿಸ್ ಆದ್ರೇ ನಮ್ಮವ್ವ ಹಾಕಾಶ ಭೂಮಿ ಹೊಂದ್ ಮಾಡ್ತಾಳೆ.'

ಸಭಾಂಗಣ ನಗೆಯಿಂದ ಸಿಡಿಯಿತು. ಮೇಘಶ್ರೀ ಪರದೆ ನೋಡಿದಳು, ಮೂಲೆಯಲ್ಲಿದ್ದವನನ್ನು ನೋಡಿದಳು, ಅವಳಿಗೂ ತಡೆಯಲಾಗಲಿಲ್ಲ. "ಇದ್ಯಾರಪ್ಪ ಇದುಕ್ಕೆ ಪಾಠ ಏಳ್ಕೊಟ್ಟ ಮೇಷ್ಟ್ರು? ಮೆಶೀನು ಥೇಟ್ ಅವ್ರಂಗೇ ಆಗೋಗೈತೆ!"

ಇನ್ನೂ ದೊಡ್ಡ ನಗು. ಮುಂದಿನ ಸಾಲಿನಿಂದ ಯಾರೋ ಕೂಗಿದರು: "ಮೆಶೀನ್ ಸರಿಯಾಗೇ ಐತೆ ಬುಡವ್ವಾ, ಮೊದ್ಲು ನೀನು ಸರ್ಯಾಗಿ ಮಾತಾಡು!" ಮನೋಹರ ಗಾಬರಿಯಿಂದ ಕೈ ಆಡಿಸಿ, ಇಲ್ಲಿಗೆ ಸಾಕು ಎಂದು ಸನ್ನೆ ಮಾಡಿದರು.

ಕುರ್ಚಿ ಸರಿದ ಸದ್ದಾಯಿತು. ನಂಜುಂಡೇಶ್ ಎದ್ದು ಬಂದು ಅವಳ ಕೈಯಿಂದ ಮೈಕ್ ತೆಗೆದುಕೊಂಡ. ಬೆರಳು ಬೆರಳಿಗೆ ತಾಗಿತು.

"ಎಲ್ರೂ ಸ್ವಲ್ಪ ಕೇಳಿ," ಅಂದ. ಮುಂದಿನ ಮಾತಿಗೆ ಮೊದಲು ಅವನು ಉಸಿರೆಳೆದುಕೊಂಡದ್ದು ಮೈಕಿನಲ್ಲಿ ಕೇಳಿಸಿತು. "ನನ್ನ ಎಸರು ನಂಜುಂಡೇಶ್."

ಯಾರೋ ಕಿಸಕ್ಕೆಂದರು. ಅವನು ಆ ಕಡೆಗೇ ತಿರುಗಿದ.

"ನಗ್ರಪ್ಪ, ನಗ್ರಿ. ನಂಗೆ ಅಭ್ಯಾಸ ಐತೆ. ಆ ಅವ್ವ ಮಾತಾಡಿದ್ದು ಸರಿಯಾಗೇ ಐತೆ. ತಪ್ಪು ಮಾಡಿದ್ದು ಮೆಶೀನು, ಮೆಶೀನ್ಗೆ ತಪ್ಪು ಕಲಿಸ್ದೋನು ನಾನು. ನಂಗೂ ಯಾರೋ ಅಂಗೇ ಕಲಿಸಿದ್ರು. ಇಲ್ಲಿ ಕೂತಿರೋರೆಲ್ಲ ಮನೇಗೋದ್ರೆ ಎಂಗ್ ಮಾತಾಡ್ತೀರಿ ಅಂತ ನಂಗೊತ್ತು. ಕಂಪ್ಯೂಟರ್ ಮುಂದೆ ಬಂದ್ರೆ ಮಾತ್ರ ಬಾಯಿಗೆ ಇಸ್ತ್ರಿ ಯಾಕೆ? ಅದ್ಕೆ ನಾವು ಎದರ್ಕೋಬೇಕಾ, ನಮ್ಗೆ ಅದಾ? ಮೇಘಶ್ರೀ ಒಂದಕ್ಸರಾನೂ ತಿದ್ಕೊಳಲ್ಲ. ನಾನೂ ಇನ್ಮೇಲೆ ತಿದ್ಕೊಳಲ್ಲ. ತಿದ್ಕೊಳೋದು ಅದು!"

ಅವನು ಪರದೆಯತ್ತ ಕೈ ತೋರಿಸಿದ. ಅವನ ಇಡೀ ಮಾತು ಅಲ್ಲಿ ಮೂಡಿತ್ತು, ಅಲ್ಲಲ್ಲಿ ಹೆಚ್ಚುವರಿ ಹಕಾರಗಳ ಸಮೇತ. 'ಹಾ ಹವ್ವ ಮಾತಾಡಿದ್ದು ಸರಿಯಾಗೇ ಹೈತೆ.'

ನೀಲಾಂಬಿಕೆ ಮಿಸ್ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಟರಾಜ ಶಿಳ್ಳೆ ಹೊಡೆದ. ಆಮೇಲೆ ಸಭೆಗೆ ಸಭೆಯೇ ತಟ್ಟಿತು. ಮನೋಹರ ಮೇಷ್ಟ್ರೂ ಕೊನೆಗೆ ಕೈ ಸೇರಿಸಿದರು. "ಬನ್ರೀ ಇಬ್ರೂ, ಕಾಫಿ ಕುಡ್ಕಂಡ್ ಓಗಿ," ಅಂದವರು, ತಾವೇನು ಅಂದೆವೆಂದು ಹೊಳೆದು ಸುಮ್ಮನೆ ನಕ್ಕರು.

*

ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಸಂಜೆಯ ಬಿಸಿಲು ಹಳದಿಯಾಗಿ ಬಿದ್ದಿತ್ತು. ನಂಜುಂಡೇಶ್ ಬೆಂಚಿನ ಮೇಲೆ ಕೂತಿದ್ದ, ಮಡಿಲಲ್ಲಿ ಲ್ಯಾಪ್‌ಟಾಪ್ ಬ್ಯಾಗು. ಮೇಘಶ್ರೀ ಅವನ ಎದುರು ನಿಂತಳು. ಅವನ ಕಿವಿಗಳು ಆಗಲೇ ಕೆಂಪಾಗಲು ಶುರುವಾಗಿದ್ದವು.

"ಮೆಸೇಜಿಗೆ ಉತ್ತರ ಬರ್ಲಿಲ್ಲ."

"ಟೈಪ್ ಮಾಡ್ದೆ. ಅಳಿಸ್ದೆ. ಎಲ್ಲಾ ಮಾತೂ ಓದಿದ್ರೆ ವಾರ್ತೆ ಥರ ಇರೋದು."

"ಸರಿ, ನನ್ ಪ್ರಶ್ನೆ ಇನ್ನೂ ಅಲ್ಲೇ ಐತೆ. ಕಿಟಕಿ ಪಕ್ಕ ಕೂತು ನಗ್ತಿದ್ದೋನು ಯಾರು?"

"ಎಸರು," ಅಂದ ಅವನು. "ಆಸ್ಟೆಲಿಗೆ ಓಗೋಕ್ ಮುಂಚೆ ಇದ್ನಲ್ಲ, ಅವ್ನು. ನಿನ್ ಮಾತು ಕೇಳಿದಾಗ್ಲೆಲ್ಲ ಅವ್ನು ಎದ್ ಬರೋನು. ಅದಕ್ಕೇ ಬಾಯಿ ಮುಚ್ಕೋತಿದ್ದೆ."

ಅವಳು ಅವನ ಬ್ಯಾಗನ್ನು ಎತ್ತಿ ಪಕ್ಕಕ್ಕಿಟ್ಟು ಅಲ್ಲಿ ತಾನು ಕೂತಳು. ಇಬ್ಬರ ಭುಜದ ನಡುವೆ ಒಂದು ಹಕಾರದಷ್ಟು ಜಾಗ ಉಳಿದಿತ್ತು. ಎದುರಿನಿಂದ ಹಾಲಿನ ಟೆಂಪೋ ಹೋಯಿತು, ಹೂವು ಮಾರುವವಳು ಹೋದಳು.

"ಇನ್ನೂ ಒಂದೈತೆ ನಿನ್ ಬಾಯಲ್ಲಿ. ಚನ್ರಾಯಪಟ್ಣದ ಬಸ್ ಸ್ಟ್ಯಾಂಡಲ್ಲೇ ಕಂಡಿತ್ತು ನಂಗೆ," ಅಂದಳು. ಮುಂದಿನದನ್ನು ಮೆಲ್ಲಗೆ, ಅವನ ಕಿವಿಗಷ್ಟೇ: "ಏಳು."

ಈ ಸಲ ಅವನು ಎದ್ದು ನಿಲ್ಲಲಿಲ್ಲ. ಅವಳತ್ತ ತಿರುಗಿದ. ಬಾಯಿಗೆ ಅಂಗೈ ಅಡ್ಡ ಬರಲಿತ್ತು. ಅವಳು ಆ ಕೈಯನ್ನು ಅರ್ಧದಲ್ಲೇ ಹಿಡಿದುಕೊಂಡಳು.

"ನಂಗೆ ನೀನು..." ಅವನ ಧೈರ್ಯವೆಲ್ಲ ವೇದಿಕೆಯಲ್ಲೇ ಖರ್ಚಾಗಿತ್ತು. ನಾಲಗೆ ಹಳೆಯ ಭಯಕ್ಕೆ ಜಾರಿತು. "ನಂಗೆ ನೀನು ಹಿಷ್ಟ."

ಹೇಳಿದ ಕೂಡಲೇ ಅವನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡ.

"ಉಚ್ಚಾರ ತಪ್ಪು," ಅಂದಳು ಮೇಘಶ್ರೀ.

ಅವಳು ಅವನ ಅಂಗೈ ಬಿಡಿಸಿದಳು. ಅದರ ನಡುವೆ ತನ್ನ ಹೆಬ್ಬೆರಳನ್ನಿಟ್ಟು, ಹಸಿರು ಬಟನ್ ಒತ್ತುವ ಹಾಗೆ, ನಿಧಾನಕ್ಕೆ, ಒತ್ತಿದಳು. ಒತ್ತಿದ ಬೆರಳನ್ನು ತೆಗೆಯಲಿಲ್ಲ.

ಅಷ್ಟರಲ್ಲಿ ಹೊಳೆನರಸೀಪುರದ ಬಸ್ಸು ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಜನ ಸೀಟಿಗೆ ಟವೆಲ್ ಎಸೆಯತೊಡಗಿದರು.

"ಬಸ್ ಬಂತು ಕಣೋ, ಏಳು," ಅಂದಳು.

ಅವನು ಇನ್ನೊಮ್ಮೆ ಹೇಳಿದ.